ಮಸುಕು ಆಕಾಶದಲ್ಲಿ ನೀಹಾರಿಕೆಗಳ ಛಾಯಾಗ್ರಹಣ

ನಕ್ಷತ್ರಗಳ ನಡುವೆ ಹರಡಿರುವ ಅನಿಲ ಮತ್ತು ದೂಳಿನ ಮೋಡಗಳಿಗೆ ನೀಹಾರಿಕೆ ಎಂದು ಹೆಸರು. ಸಣ್ಣ ದೂರದರ್ಶಕ, ಕ್ಯಾಮೆರಾ ಮತ್ತು ಕಂಪ್ಯೂಟರ್ ಬಳಸಿ ಇವುಗಳ ಚಿತ್ರ ತೆಗೆಯುವುದು ಖಗೋಳ ಹವ್ಯಾಸಿಗಳ ಕೆಲಸಗಳಲ್ಲಿ ಅತಿ ಹೆಚ್ಚು ತಾಳ್ಮೆ ಬೇಡುವಂಥದು. ಫಿಲ್ಮಿನ ಕಾಲದಲ್ಲಿ ಇದಕ್ಕೆ ಕಾರ್ಗತ್ತಲೆಯ ಬೆಟ್ಟವೇ ಬೇಕಿತ್ತು. ಡಿಜಿಟಲ್ ಸಂವೇದಕ, ಕಿರುಪಟ್ಟಿಯ ಫಿಲ್ಟರು ಮತ್ತು ನೂರಾರು ಚಿತ್ರಗಳನ್ನು ಒಂದುಗೂಡಿಸುವ ತಂತ್ರಾಂಶ ಬಂದ ಮೇಲೆ ಊರಂಚಿನ ಹೊಲ, ಪೇಟೆಯ ತಾರಸಿಗಳಿಂದಲೂ ಒಳ್ಳೆಯ ಚಿತ್ರಗಳು ಬರತೊಡಗಿವೆ. ಆದರೆ ಆಕಾಶ ಕೆಡುವುದು ಒಂದೇ ಬಗೆಯಲ್ಲಲ್ಲ, ಎಲ್ಲ ಬಗೆಗೂ ಒಂದೇ ಮದ್ದಿಲ್ಲ. ಮೈಸೂರು ಜಿಲ್ಲೆಯ ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಬಯಲು, ಅದರಲ್ಲೂ ಕವಲಂದೆಯ ಸುತ್ತಿನ ಪ್ರದೇಶ, ಈ ಭೇದವನ್ನು ತಿಳಿಯಲು ತಕ್ಕ ಉದಾಹರಣೆ. ಅದು ನಗರವಲ್ಲ, ಕಾಡೂ ಅಲ್ಲ. ಅಲ್ಲಿಯ ಆಕಾಶದಲ್ಲಿ ಒಂದು ದಿಕ್ಕು ಬೆಳಗಿರುತ್ತದೆ, ಇನ್ನೊಂದು ಕತ್ತಲಾಗಿರುತ್ತದೆ. ವರ್ಷದ ಅರ್ಧ ಭಾಗ ಮೋಡ ಕವಿದಿರುತ್ತದೆ.

ನೀಹಾರಿಕೆಯ ಬೆಳಕು

ಯಾವ ನೀಹಾರಿಕೆಯನ್ನು ಮಸುಕು ಆಕಾಶದಲ್ಲೂ ಹಿಡಿಯಬಹುದು, ಯಾವುದನ್ನು ಹಿಡಿಯಲಾಗದು ಎಂಬುದು ಅದರ ಬೆಳಕು ಹುಟ್ಟುವ ಬಗೆಯನ್ನು ಅವಲಂಬಿಸಿದೆ. ಉತ್ಸರ್ಜನ ನೀಹಾರಿಕೆಗಳಲ್ಲಿ ಬಿಸಿ ನಕ್ಷತ್ರಗಳ ಅತಿನೇರಳೆ ಕಿರಣಗಳು ಹೈಡ್ರೊಜನ್ ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತೆಸೆಯುತ್ತವೆ. ಆ ಎಲೆಕ್ಟ್ರಾನುಗಳು ಮರಳಿ ಸೇರಿ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುವಾಗ ನಿರ್ದಿಷ್ಟ ತರಂಗಾಂತರಗಳ ಬೆಳಕು ಹೊಮ್ಮುತ್ತದೆ. ಅವುಗಳಲ್ಲಿ ಹವ್ಯಾಸಿಗಳಿಗೆ ಮುಖ್ಯವಾದದ್ದು 656.3 ನ್ಯಾನೊಮೀಟರಿನ ಕೆಂಪು ರೇಖೆ, ಎಂದರೆ ಹೈಡ್ರೊಜನ್-ಆಲ್ಫಾ. ಎರಡು ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕ 495.9 ಮತ್ತು 500.7 ನ್ಯಾನೊಮೀಟರುಗಳಲ್ಲಿ ಹಸಿರು-ನೀಲಿಯಾಗಿ ಬೆಳಗುತ್ತದೆ. ಒಂದನ್ನು ಕಳೆದುಕೊಂಡ ಗಂಧಕ 671.6 ಮತ್ತು 673.1ರಲ್ಲಿ ಕಡುಗೆಂಪಾಗಿ. ಸಾಯುತ್ತಿರುವ ನಕ್ಷತ್ರಗಳು ಹೊರಗೆಸೆದ ಗ್ರಹೀಯ ನೀಹಾರಿಕೆಗಳೂ ಸಿಡಿದ ನಕ್ಷತ್ರಗಳ ಅವಶೇಷಗಳೂ ಬಹುಮಟ್ಟಿಗೆ ಇದೇ ಬಗೆಯವು. ಒಟ್ಟು ಬೆಳಕು ಕ್ಷೀಣವಾಗಿದ್ದರೂ ಅದು ಕೆಲವೇ ರೇಖೆಗಳಲ್ಲಿ ಕೂಡಿಕೊಂಡಿರುವುದರಿಂದ ಉಳಿದ ಬಣ್ಣಗಳನ್ನೆಲ್ಲ ತಡೆದು ಅದನ್ನು ಮಾತ್ರ ಹಿಡಿಯುವ ಅವಕಾಶವಿದೆ.

ಪ್ರತಿಫಲನ ನೀಹಾರಿಕೆಗಳ ಕಥೆ ಬೇರೆ. ಕೃತ್ತಿಕಾ ಗುಚ್ಛವನ್ನು ಸುತ್ತಿರುವ ನೀಲಿ ಮುಸುಕಿನಂಥವು ಪಕ್ಕದ ನಕ್ಷತ್ರದ ಬೆಳಕನ್ನು ಚದರಿಸುತ್ತವೆಯೇ ಹೊರತು ಸ್ವಂತ ರೇಖೆಗಳನ್ನು ಹೊಮ್ಮಿಸುವುದಿಲ್ಲ. ಅವುಗಳ ರೋಹಿತ ನಕ್ಷತ್ರದ್ದೇ. ಬೀದಿದೀಪದ ಬೆಳಕಿನಿಂದ ಅದನ್ನು ಬೇರ್ಪಡಿಸಬಲ್ಲ ಫಿಲ್ಟರಿಲ್ಲ. ಹಿನ್ನೆಲೆಯ ಬೆಳಕನ್ನು ಮರೆಮಾಡಿ ಮಾತ್ರ ತಮ್ಮ ಇರವನ್ನು ತೋರಿಸುವ ಕಪ್ಪು ನೀಹಾರಿಕೆಗಳ ಸ್ಥಿತಿಯೂ ಇದೇ. ಅಪವಾದವೆಂದರೆ ಮಹಾವ್ಯಾಧ ನಕ್ಷತ್ರಪುಂಜದ ಕುದುರೆತಲೆ ನೀಹಾರಿಕೆ. ಅದು ಕಪ್ಪಾಗಿದ್ದರೂ ಹಿಂದಿನ ಪರದೆ ಹೈಡ್ರೊಜನ್-ಆಲ್ಫಾ ಆದ್ದರಿಂದ ಪೇಟೆಯ ನಡುವಿನಿಂದಲೂ ಮೂಡುತ್ತದೆ.

ಆಕಾಶ ಕೆಡುವ ಬಗೆಗಳು

ಆಕಾಶದ ಹಿನ್ನೆಲೆಯ ಬೆಳಕನ್ನು ಪ್ರತಿ ಚದರ ಆರ್ಕ್‌ಸೆಕೆಂಡಿಗೆ ಇಷ್ಟು ಕಾಂತಿಮಾನ ಎಂದು ಅಳೆಯುತ್ತಾರೆ. ಅಂಕೆ ದೊಡ್ಡದಾದಷ್ಟೂ ಕತ್ತಲೆ ಹೆಚ್ಚು. ಕೃತಕ ಬೆಳಕು ಸೋಕದ ಜಾಗದಲ್ಲಿ ಅದು 22ರ ಹತ್ತಿರ, ದೊಡ್ಡ ನಗರದ ನಡುವೆ 18 ಅಥವಾ ಇನ್ನೂ ಕೆಳಗೆ. ಒಂದು ಕಾಂತಿಮಾನದ ವ್ಯತ್ಯಾಸವೆಂದರೆ ಬೆಳಕಿನಲ್ಲಿ ಸುಮಾರು ಎರಡೂವರೆ ಪಟ್ಟು; ನಾಲ್ಕು ಕಾಂತಿಮಾನವೆಂದರೆ ಸುಮಾರು ನಲವತ್ತು ಪಟ್ಟು. ಬರಿಗಣ್ಣಿನ ಅಂದಾಜಿಗೆ ಅಮೆರಿಕದ ವೀಕ್ಷಕ ಜಾನ್ ಬಾರ್ಟ್ಲ್ 2001ರಲ್ಲಿ ಪ್ರಕಟಿಸಿದ ಒಂಬತ್ತು ದರ್ಜೆಗಳ ಬಾರ್ಟ್ಲ್ ಮಾನ ರೂಢಿಯಲ್ಲಿದೆ. ಮೊದಲ ದರ್ಜೆಯದು ಶುದ್ಧ ಕತ್ತಲೆ, ಒಂಬತ್ತನೆಯದು ಮಹಾನಗರದ ನಡುಮಧ್ಯ.

ಹಿನ್ನೆಲೆಯ ಬೆಳಕಿಗೆ ಮೊದಲ ಕಾರಣ ದೀಪಗಳು. ಹಿಂದಿನ ಸೋಡಿಯಂ ದೀಪ 589 ನ್ಯಾನೊಮೀಟರಿನ ಆಸುಪಾಸಿನಲ್ಲೇ ಹೆಚ್ಚಾಗಿ ಬೆಳಗುತ್ತಿತ್ತು. ಪಾದರಸದ ದೀಪಕ್ಕೂ ತನ್ನವೇ ಆದ ರೇಖೆಗಳಿದ್ದವು. ಇವೆರಡೂ ಆಮ್ಲಜನಕ, ಹೈಡ್ರೊಜನ್ ರೇಖೆಗಳಿಂದ ದೂರವಾದ್ದರಿಂದ ಸಾಧಾರಣ ಫಿಲ್ಟರೊಂದು ಅವನ್ನು ಸಾಕಷ್ಟು ತಡೆಯುತ್ತಿತ್ತು. 2015ರ ಜನವರಿಯಲ್ಲಿ ಬೀದಿದೀಪಗಳ ರಾಷ್ಟ್ರೀಯ ಕಾರ್ಯಕ್ರಮ ಶುರುವಾದ ಮೇಲೆ ದೇಶದ ಊರೂರಿಗೂ ಬಂದ ಬಿಳಿ ಎಲ್ಇಡಿ ದೀಪ 450ರ ಸುಮಾರಿಗೆ ನೀಲಿ ಶಿಖರವನ್ನೂ ಅದರಾಚೆ ಹಸಿರಿನಿಂದ ಕೆಂಪಿನವರೆಗೆ ಎಡೆಬಿಡದ ಬೆಳಕನ್ನೂ ಚೆಲ್ಲುತ್ತದೆ. ವಿದ್ಯುತ್ ಉಳಿಸುವ ಈ ದೀಪವೇ ಹಳೆಯ ಅಗಲ ಪಟ್ಟಿಯ ಫಿಲ್ಟರುಗಳನ್ನು ಹೆಚ್ಚುಕಡಮೆ ನಿರುಪಯೋಗಿ ಮಾಡಿತು.

ಎರಡನೆಯ ಕಾರಣ ಚಂದ್ರ. ಹುಣ್ಣಿಮೆಯ ರಾತ್ರಿ ಕಾಡಿನ ಆಕಾಶವೂ ನಗರದ ಆಕಾಶದಷ್ಟೇ ಬೆಳ್ಳಗಾಗುತ್ತದೆ. ಆದರೆ ವಾಯುಮಂಡಲ ನೀಲಿಯನ್ನು ಹೆಚ್ಚಾಗಿ, ಕೆಂಪನ್ನು ಕಡಿಮೆ ಚದರಿಸುವುದರಿಂದ ಬೆಳದಿಂಗಳ ಬಾಧೆ ಹೈಡ್ರೊಜನ್-ಆಲ್ಫಾಕ್ಕೆ ಕಡಿಮೆ, ಆಮ್ಲಜನಕದ ರೇಖೆಗೆ ಹೆಚ್ಚು. ಅನುಭವಿಗಳು ಶುಕ್ಲಪಕ್ಷದ ರಾತ್ರಿಗಳನ್ನು ಹೈಡ್ರೊಜನ್ನಿಗೂ ಅಮಾವಾಸ್ಯೆಯ ಆಸುಪಾಸನ್ನು ಆಮ್ಲಜನಕಕ್ಕೂ ಮೀಸಲಿಡುವುದು ಇದಕ್ಕಾಗಿಯೇ.

ಮೂರನೆಯದು, ಹೊಸಬರು ಲೆಕ್ಕಕ್ಕೇ ತೆಗೆದುಕೊಳ್ಳದ ಕಾರಣ, ಗಾಳಿಯಲ್ಲಿನ ಆವಿ, ದೂಳು ಮತ್ತು ಹೊಗೆ. ಮೇಲಿನ ಎರಡು ಕಾರಣಗಳು ಹಿನ್ನೆಲೆಗೆ ಬೆಳಕನ್ನು ಕೂಡಿಸುತ್ತವೆ. ಇದು ನೀಹಾರಿಕೆಯ ಬೆಳಕನ್ನೇ ಕಳೆಯುತ್ತದೆ. ಅರ್ಧ ಕಾಂತಿಮಾನದಷ್ಟು ಕುಂದು ಎಂದರೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಬೆಳಕು ಕ್ಯಾಮೆರಾಕ್ಕೆ ತಲಪುವ ಮೊದಲೇ ನಷ್ಟವಾದಂತೆ. ಜೊತೆಗೆ ಅದೇ ಕಣಗಳು ಊರಿನ ದೀಪಗಳ ಬೆಳಕನ್ನು ಹಿಂದಿರುಗಿಸಿ ಆಕಾಶವನ್ನು ಇನ್ನಷ್ಟು ಬೆಳಗಿಸುತ್ತವೆ. ಕೂಡಿದ ಬೆಳಕನ್ನು ಫಿಲ್ಟರು ತಡೆಯಬಹುದು, ಕಂಪ್ಯೂಟರು ಕಳೆಯಬಹುದು. ಬಾರದೇ ಹೋದ ಬೆಳಕನ್ನು ಯಾವುದೂ ತಂದುಕೊಡುವುದಿಲ್ಲ. ಮೈಸೂರು ಸೀಮೆಯ ಮಟ್ಟಿಗೆ ದೀಪಕ್ಕಿಂತ ಮೋಡ, ಮಂಜು, ಹೊಗೆಗಳೇ ದೊಡ್ಡ ತೊಡಕು ಎನ್ನಬೇಕಾಗುತ್ತದೆ.

ಕವಲಂದೆಯ ಬಯಲು

ಕವಲಂದೆ ನಂಜನಗೂಡು ತಾಲ್ಲೂಕಿನ ಹೋಬಳಿ ಕೇಂದ್ರ. ಮೈಸೂರು–ಚಾಮರಾಜನಗರ ರೈಲು ಮಾರ್ಗದಲ್ಲಿ ಇದರ ಹೆಸರಿನ ನಿಲ್ದಾಣವಿದೆ. ಊರು ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೈಸೂರು ನಗರ ಇಲ್ಲಿಂದ ವಾಯವ್ಯ-ಉತ್ತರಕ್ಕೆ, ನೇರ ಗೆರೆ ಎಳೆದರೆ ಮೂವತ್ತು ಕಿಲೊಮೀಟರಿನ ಆಸುಪಾಸು. ನಂಜನಗೂಡಿನ ಪೇಟೆ ಮತ್ತು ಕೈಗಾರಿಕಾ ಪ್ರದೇಶ ಅದೇ ದಿಕ್ಕಿನಲ್ಲಿ ಇನ್ನೂ ಹತ್ತಿರ. ಆಗ್ನೇಯಕ್ಕೆ ಚಾಮರಾಜನಗರ, ಅದರಾಚೆ ಬಿಳಿಗಿರಿರಂಗನ ಬೆಟ್ಟ. ನೈರುತ್ಯಕ್ಕೆ ಗುಂಡ್ಲುಪೇಟೆ ಮತ್ತು ಬಂಡೀಪುರದ ಕಾಡು. ದಕ್ಷಿಣದ ದಿಗಂತದಲ್ಲಿ ನೀಲಗಿರಿ ಇದ್ದರೂ ದೂರದ ಕಾರಣ ಅದು ಒಂದೆರಡು ಡಿಗ್ರಿಗಿಂತ ಹೆಚ್ಚು ಆಕಾಶವನ್ನು ಮರೆಮಾಡುವುದಿಲ್ಲ. ಹೀಗಾಗಿ ಇಲ್ಲಿ ಉತ್ತರ ಬೆಳಗಿರುತ್ತದೆ, ದಕ್ಷಿಣ ಕತ್ತಲಾಗಿರುತ್ತದೆ. ದಸರೆಯ ದೀಪಾಲಂಕಾರದ ದಿನಗಳಲ್ಲಿ, ಅರಮನೆಯೊಂದಕ್ಕೇ ಲಕ್ಷದ ಹತ್ತಿರ ಬಲ್ಬುಗಳು ಹೊತ್ತುವಾಗ, ಉತ್ತರದ ಪ್ರಭೆ ಸಹಜವಾಗಿಯೇ ಏರುತ್ತದೆ.

ನಗರದ ಪ್ರಭೆ ದೂರ ಹೋದಂತೆ ಬೇಗ ಕುಗ್ಗುತ್ತದೆ. ಕ್ಯಾಲಿಫೋರ್ನಿಯದ ನಗರಗಳನ್ನು ಅಳೆದು ಮರ್ಲ್ ವಾಕರ್ 1977ರಲ್ಲಿ ಕೊಟ್ಟ ನಿಯಮದಂತೆ ಅದು ದೂರದ ಎರಡೂವರೆ ಘಾತಕ್ಕೆ ವಿಲೋಮವಾಗಿರುತ್ತದೆ. ಎಂದರೆ ದೂರ ಇಮ್ಮಡಿಯಾದರೆ ಪ್ರಭೆ ಸುಮಾರು ಐದೂಮುಕ್ಕಾಲು ಪಟ್ಟು ಇಳಿಯುತ್ತದೆ. ಮೈಸೂರಿನ ಹೊರವಲಯದಿಂದ ಕವಲಂದೆಯವರೆಗೆ ಬರುವುದರಿಂದ ಸಿಗುವ ಲಾಭ ಬಹಳ ದೊಡ್ಡದು. ಅಲ್ಲಿಂದ ಮುಂದೆ ಇನ್ನೈದು ಕಿಲೊಮೀಟರ್ ಹೋಗುವುದರಿಂದ ಸಿಗುವುದು ಅಲ್ಪ. ಇನ್ನೂ ಕತ್ತಲೆ ಬೇಕೆಂದು ಕಾಡಿಗೆ ಹೋಗುವಂತಿಲ್ಲ. ಬಂಡೀಪುರ, ಬಿಳಿಗಿರಿರಂಗನ ಬೆಟ್ಟ ಎರಡೂ ಹುಲಿ ಸಂರಕ್ಷಿತ ಪ್ರದೇಶಗಳು. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ವಾಹನ ಸಂಚಾರವೇ ನಿಷಿದ್ಧ. ಕಾಡಂಚಿನ ಹೊಲಗಳಲ್ಲಿ ರಾತ್ರಿ ಕೂರುವುದು ಆನೆ, ಚಿರತೆ, ಹಂದಿಗಳ ದೃಷ್ಟಿಯಿಂದ ವಿವೇಕದ ಮಾತಲ್ಲ. ಪರಿಚಯದವರ ತೋಟದ ಮನೆ, ಊರಾಚೆಯ ಕಣ, ತಾರಸಿ ಇವೇ ವ್ಯಾವಹಾರಿಕ ನೆಲೆಗಳು.

ಒಂದೇ ಸೀಮೆಯಲ್ಲೂ ಗಾಳಿ ಒಂದೇ ಸಮ ಇರುವುದಿಲ್ಲ. ಕಾವೇರಿ, ಕಪಿಲೆಗಳು ಕೂಡುವ ನರಸೀಪುರದ ಕಡೆ ನಾಲೆ ನೀರಿನ ಗದ್ದೆಗಳು ಹೆಚ್ಚು. ಚಳಿಗಾಲದ ನಿಶ್ಚಲ ರಾತ್ರಿಗಳಲ್ಲಿ ಇಂಥ ತೇವದ ನೆಲದ ಮೇಲೆ ನಡುರಾತ್ರಿಯ ನಂತರ ಕಾವಳ ಕಟ್ಟುತ್ತದೆ. ನೀರಿನಿಂದ ದೂರದ ಮಳೆಯಾಶ್ರಿತ ಹೊಲದಲ್ಲಿ ಅದರ ಕಾಟ ಕಡಿಮೆ. ಕಬ್ಬು ಕಡಿದ ಮೇಲೆ ತರಗಿಗೆ ಬೆಂಕಿ ಇಡುವ ದಿನಗಳಲ್ಲಿ ಹೊಗೆ ನೆಲದ ಹತ್ತಿರವೇ ಹರಡಿ ನಿಲ್ಲುತ್ತದೆ. ಸಂಜೆ ಕಂಡ ಹೊಗೆ ರಾತ್ರಿ ಕಾಣದಿದ್ದರೂ ಚಿತ್ರದಲ್ಲಿ ಇರುತ್ತದೆ.

ಕಾಲ ಮತ್ತು ಗುರಿಗಳು

ಈ ಅಕ್ಷಾಂಶದ ಒಂದು ಭಾಗ್ಯವೆಂದರೆ ವರ್ಷವಿಡೀ ಸಾಕಷ್ಟು ಉದ್ದದ ಕತ್ತಲೆ. ಸೂರ್ಯ ಮುಳುಗಿ ಸುಮಾರು ಒಂದೂಕಾಲು ಗಂಟೆಯಲ್ಲಿ ಸಂಜೆಬೆಳಕು ಪೂರ್ತಿ ಆರುತ್ತದೆ. ಡಿಸೆಂಬರಿನಲ್ಲಿ ಹತ್ತು ಗಂಟೆ, ಜೂನಿನಲ್ಲೂ ಎಂಟೂವರೆ ಗಂಟೆ ಪೂರ್ಣ ಕತ್ತಲೆ ಸಿಗುತ್ತದೆ. ಉತ್ತರ ಯೂರೋಪಿನ ಹವ್ಯಾಸಿಗೆ ಜೂನಿನಲ್ಲಿ ಕತ್ತಲೆಯೇ ಇರುವುದಿಲ್ಲ. ಇಲ್ಲಿ ಜೂನಿನಲ್ಲಿ ಕತ್ತಲೆಯಿದೆ, ಆದರೆ ಆಕಾಶ ಕಾಣುವುದಿಲ್ಲ. ನೈರುತ್ಯ ಮಾರುತದ ಜೂನ್–ಸೆಪ್ಟೆಂಬರ್ ತಿಂಗಳುಗಳಲ್ಲಿ ಮೈಸೂರಿನ ಬಯಲಿಗೆ ಮಳೆ ಅಷ್ಟಾಗಿ ಬೀಳದಿದ್ದರೂ ಮೋಡ ಬಿಡುವುದಿಲ್ಲ. ಮಳೆಯ ಜೋರು ಮೇ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ. ಹಾಗಾಗಿ ನಂಬಿಕೆಯ ಕಾಲ ಕಾರ್ತಿಕ ಕಳೆದ ಮೇಲಿನಿಂದ ಯುಗಾದಿಯವರೆಗೆ, ಎಂದರೆ ಡಿಸೆಂಬರಿನಿಂದ ಮಾರ್ಚಿನವರೆಗೆ. ಶಿವರಾತ್ರಿ ಈ ಋತುವಿನ ಒಂದು ಉತ್ತಮ ರಾತ್ರಿ. ಮಾಘ ಬಹುಳ ಚತುರ್ದಶಿಯಾದ್ದರಿಂದ ಚಂದ್ರ ಬೆಳಗಿನ ಜಾವದವರೆಗೆ ಮೂಡುವುದಿಲ್ಲ, ಜಾಗರಣೆಗೆ ಮನೆಯವರ ಆಕ್ಷೇಪಣೆಯೂ ಇರುವುದಿಲ್ಲ.

ಈ ಋತುವಿನ ನಾಯಕ ಮಹಾವ್ಯಾಧ. ಅದರ ಕತ್ತಿಯಲ್ಲಿರುವ ಎಂ42 ನೀಹಾರಿಕೆ ಸುಮಾರು 1,300 ಬೆಳಕಿನ ವರ್ಷ ದೂರದಲ್ಲಿದ್ದು, ಹುಣ್ಣಿಮೆ ಚಂದ್ರನ ಇಮ್ಮಡಿ ಅಗಲವಾಗಿ ಕಾಣುತ್ತದೆ. ಕವಲಂದೆಯಲ್ಲಿ ಅದು 72 ಡಿಗ್ರಿ ಎತ್ತರಕ್ಕೆ ಏರುತ್ತದೆ. ಇದು ಎಷ್ಟು ಉಜ್ಜ್ವಲವೆಂದರೆ ಫಿಲ್ಟರಿಲ್ಲದೆಯೂ ಬರುತ್ತದೆ, ತೊಂದರೆ ಬೇರೆಯದು. ಹೊರ ಅಂಚುಗಳಿಗೆ ಬೇಕಾದ ಎಕ್ಸ್‌ಪೋಷರಿಗೆ ನಡುವಿನ ಭಾಗ ಬೆಳ್ಳಗೆ ಸುಟ್ಟುಹೋಗುತ್ತದೆ. ಕೆಲವು ಸೆಕೆಂಡುಗಳ ಚಿತ್ರಗಳನ್ನೂ ಪ್ರತ್ಯೇಕವಾಗಿ ತೆಗೆದು ಆಮೇಲೆ ಬೆಸೆಯಬೇಕು. ಮಸುಕು ಆಕಾಶಕ್ಕೆ ನಿಜವಾಗಿ ಹೇಳಿಮಾಡಿಸಿದ್ದು ಪಕ್ಕದ ಏಕಶೃಂಗಿಯಲ್ಲಿರುವ ಗುಲಾಬಿ ನೀಹಾರಿಕೆ. ಬರಿಗಣ್ಣಿಗೆ ಏನೇನೂ ಕಾಣದ, ಒಂದು ಡಿಗ್ರಿಗಿಂತ ಅಗಲದ ಈ ಹೈಡ್ರೊಜನ್ ವರ್ತುಲ ಇಲ್ಲಿ 83 ಡಿಗ್ರಿವರೆಗೆ, ಬಹುತೇಕ ನೆತ್ತಿಗೇ, ಬರುತ್ತದೆ. ಅಲ್ಲಿ ಗಾಳಿಯ ಪದರ ಅತಿ ತೆಳು, ಊರ ಪ್ರಭೆಯೂ ಕನಿಷ್ಠ. ವೃಷಭದ ಏಡಿ ನೀಹಾರಿಕೆಯೂ ಎತ್ತರಕ್ಕೇರುತ್ತದೆ, ಆದರೆ ತೀರ ಚಿಕ್ಕದು. ಉದ್ದ ನಾಭಿದೂರದ ದೂರದರ್ಶಕ ಬೇಕು.

ಫೆಬ್ರವರಿ-ಮಾರ್ಚಿನ ನಡುರಾತ್ರಿ ದಕ್ಷಿಣದಲ್ಲಿ ಉತ್ತರ ಗೋಳಾರ್ಧದ ಬಹುಪಾಲು ಹವ್ಯಾಸಿಗಳಿಗೆ ಕಾಣಸಿಗದ ನೋಟವೊಂದಿದೆ. ದೇವನೌಕೆಯ ಮಹಾನೀಹಾರಿಕೆ ಖಗೋಳ ವಿಷುವದ್ವೃತ್ತದಿಂದ 60 ಡಿಗ್ರಿ ದಕ್ಷಿಣಕ್ಕಿದ್ದು, ಲಂಡನ್, ನ್ಯೂಯಾರ್ಕ್‌ಗಳಲ್ಲಿ ದಿಗಂತದ ಮೇಲೆ ಬರುವುದೇ ಇಲ್ಲ. ಕವಲಂದೆಯಲ್ಲಿ ಅದು 18 ಡಿಗ್ರಿ ಏರುತ್ತದೆ. ಅಷ್ಟು ತಗ್ಗಿನಲ್ಲಿ ಬೆಳಕು ನೆತ್ತಿಯಲ್ಲಿನ ಮೂರು ಪಟ್ಟು ಗಾಳಿಯನ್ನು ಹಾದು ಬರಬೇಕು. ಮಳೆ ಬಂದು ಗಾಳಿ ತೊಳೆದ ಮರುದಿನ ಮಾತ್ರ ಈ ಪ್ರಯತ್ನ ಸಾರ್ಥಕ. ಆದರೆ ದಕ್ಷಿಣವೇ ಇಲ್ಲಿಯ ಕತ್ತಲ ದಿಕ್ಕಾದ್ದರಿಂದ, ಮೈಸೂರಿನ ತಾರಸಿಗಿಂತ ನಗರದ ದಕ್ಷಿಣಕ್ಕಿರುವ ಈ ಬಯಲು ಇದಕ್ಕೆ ಬಹಳ ಮೇಲು.

ಧನುರಾಶಿಯ ದಿಕ್ಕಿನ ಲಗೂನ್ (ಎಂ8), ತ್ರಿದಳ (ಎಂ20), ಗರುಡ (ಎಂ16) ನೀಹಾರಿಕೆಗಳು ಆಕಾಶಗಂಗೆಯ ಐಸಿರಿ ಎನ್ನುವಂಥವು. ಅವು ನಡುರಾತ್ರಿ ಎತ್ತರದಲ್ಲಿರುವುದು ಜೂನ್-ಜುಲೈಯಲ್ಲಿ, ಮೋಡದ ಹಿಂದೆ. ಕರ್ನಾಟಕದ ಹವ್ಯಾಸಿ ಅವನ್ನು ಮಾರ್ಚ್, ಏಪ್ರಿಲ್‌ಗಳ ಬೆಳಗಿನ ಜಾವದಲ್ಲೇ ಹಿಡಿಯಬೇಕು. ಏಪ್ರಿಲ್ ನಡುವಿನಲ್ಲಿ ಎಂ8 ಯಾಮ್ಯೋತ್ತರ ರೇಖೆಯನ್ನು, ಎಂದರೆ ನೆತ್ತಿಯ ಮೂಲಕ ಹಾಯುವ ಉತ್ತರ-ದಕ್ಷಿಣ ರೇಖೆಯನ್ನು, ದಾಟುವುದು ಬೆಳಗಿನ ಐದರ ಹೊತ್ತಿಗೆ, ಮೂಡಣ ಬೆಳಗಾಗುವ ಗಳಿಗೆಯಲ್ಲೇ. ಅದಕ್ಕೆ ಮುಂಚಿನ ಮೂರು ಗಂಟೆಗಳು ಬಳಕೆಗೆ ಬರುತ್ತವೆ. ರಾಜಹಂಸದ ಉತ್ತರ ಅಮೆರಿಕ ನೀಹಾರಿಕೆ ಮತ್ತು ಮುಸುಕು ನೀಹಾರಿಕೆಗಳಿಗೆ ನವೆಂಬರಿನ ಸಂಜೆ ಉಳಿದಿದೆ. ಆಗ ಅವು ಇಳಿಯುತ್ತಿರುವುದು ಮೈಸೂರಿನ ಪ್ರಭೆಯಿರುವ ವಾಯವ್ಯಕ್ಕೇ. ಕುಂತಿ ಪುಂಜದ ಹೃದಯ ನೀಹಾರಿಕೆಯೂ ಉತ್ತರದಲ್ಲಿ 40 ಡಿಗ್ರಿಯಷ್ಟೇ ಏರುತ್ತದೆ. ಇವುಗಳಿಗೆ ಕಿರುಪಟ್ಟಿಯ ಫಿಲ್ಟರಿಲ್ಲದೆ ಕೈಹಾಕುವುದು ವ್ಯರ್ಥ.

ಸಲಕರಣೆ

ಭೂಮಿ ತಿರುಗುವುದರಿಂದ ಆಕಾಶ ಸೆಕೆಂಡಿಗೆ 15 ಆರ್ಕ್‌ಸೆಕೆಂಡ್ ಸರಿಯುತ್ತದೆ. ಅದನ್ನು ಹಿಂಬಾಲಿಸುವ ಮೌಂಟು ಈ ಕೆಲಸದ ಬೆನ್ನೆಲುಬು. ದೂರದರ್ಶಕಕ್ಕಿಂತ ಹೆಚ್ಚು ಹಣ ಅದಕ್ಕೇ ಹೋಗುತ್ತದೆ, ಹೋಗಬೇಕು. ಈಕ್ವಟೋರಿಯಲ್ ಮೌಂಟಿನ ಒಂದು ಅಕ್ಷ ಧ್ರುವದತ್ತ ಮುಖ ಮಾಡಿರಬೇಕು. ಧ್ರುವನಕ್ಷತ್ರದ ಎತ್ತರ ಸ್ಥಳದ ಅಕ್ಷಾಂಶದಷ್ಟೇ ಇರುತ್ತದೆ. ಕವಲಂದೆಯಲ್ಲಿ ಅದು ಬರಿಯ 12 ಡಿಗ್ರಿ ಎತ್ತರದಲ್ಲಿ, ಅದೂ ಬೆಳಗಿದ ಉತ್ತರದಲ್ಲಿ, ಅನೇಕ ವೇಳೆ ತೆಂಗಿನ ಮರದ ಹಿಂದೆ. ಧ್ರುವ ಕಾಣದಿದ್ದರೂ ಕ್ಯಾಮೆರಾ ತೆಗೆದ ಮೂರು ಚಿತ್ರಗಳ ನಕ್ಷತ್ರಗಳನ್ನು ಗುರುತಿಸಿ ಅಕ್ಷವನ್ನು ಸರಿಪಡಿಸುವ ಕ್ರಮ ನೀನಾ ಮೊದಲಾದ ತಂತ್ರಾಂಶಗಳಲ್ಲಿ ಬಂದಿರುವುದು ದಕ್ಷಿಣ ಭಾರತದವರಿಗೆ ದೊಡ್ಡ ಅನುಕೂಲ. ಅಕ್ಷ ಇಷ್ಟು ಮಲಗಿದಾಗ ಪ್ರತಿಭಾರದ ಕಂಬಿ ಮುಕ್ಕಾಲಿಯ ಕಾಲಿಗೆ ತಾಗುವ ಮೌಂಟುಗಳೂ ಇವೆ. ತಂಪು ದೇಶಗಳಿಗೆಂದು ರೂಪಿಸಿದ ಸರಕನ್ನು ಕೊಳ್ಳುವ ಮುಂಚೆ ಇದನ್ನು ವಿಚಾರಿಸಿಕೊಳ್ಳಬೇಕು.

ಈಚೆಗೆ ಜನಪ್ರಿಯವಾಗಿರುವ ಸ್ಮಾರ್ಟ್ ಟೆಲಿಸ್ಕೋಪುಗಳು ದೂರದರ್ಶಕ, ಕ್ಯಾಮೆರಾ, ಮೌಂಟು, ಫಿಲ್ಟರು ಎಲ್ಲವನ್ನೂ ಒಂದೇ ಡಬ್ಬಿಯಲ್ಲಿ ಕೊಡುತ್ತವೆ. 2023ರಲ್ಲಿ ಬಂದ ಸೀಸ್ಟಾರ್ ಎಸ್50 ಇವುಗಳಲ್ಲಿ ಪ್ರಸಿದ್ಧ. ಅದರ ದ್ವಾರ 50 ಮಿಲಿಮೀಟರ್, ನಾಭಿದೂರ 250 ಮಿಲಿಮೀಟರ್. ಮೇಲೆ-ಕೆಳಗೆ, ಎಡಕ್ಕೆ-ಬಲಕ್ಕೆ ಮಾತ್ರ ತಿರುಗುವ ಇಂಥ ಮೌಂಟಿನಲ್ಲಿ ಚಿತ್ರದ ಚೌಕಟ್ಟು ನಿಧಾನವಾಗಿ ಸುತ್ತುತ್ತ ಹೋಗುತ್ತದೆ. ನೆತ್ತಿಯ ಹತ್ತಿರ ಈ ಸುತ್ತು ವಿಪರೀತ. 83 ಡಿಗ್ರಿ ಎತ್ತರದಲ್ಲಿ ಯಾಮ್ಯೋತ್ತರ ರೇಖೆಯನ್ನು ದಾಟುವಾಗ 30 ಸೆಕೆಂಡಿಗೆ ಒಂದು ಡಿಗ್ರಿಯಾಗುತ್ತದೆ. ಆಕಾಶ ಅತಿ ಶುಭ್ರವಾಗಿರುವ ಜಾಗದಲ್ಲೇ ಈ ಯಂತ್ರ ತಡವರಿಸುತ್ತದೆ. ಗುಲಾಬಿ ನೀಹಾರಿಕೆಯನ್ನು ಪೂರ್ವದಲ್ಲಿ ಏರುವಾಗ ಅಥವಾ ಪಶ್ಚಿಮಕ್ಕೆ ಇಳಿಯುವಾಗ, ಸುತ್ತು ಅತ್ಯಲ್ಪವಾಗಿರುವಲ್ಲಿ, ತೆಗೆಯುವುದು ಇದಕ್ಕೆ ಉಪಾಯ.

ಸಾಮಾನ್ಯ ಡಿಎಸ್ಎಲ್ಆರ್ ಕ್ಯಾಮೆರಾದ ಒಳಗಿನ ಅವಕೆಂಪು ತಡೆ ಹೈಡ್ರೊಜನ್-ಆಲ್ಫಾದ ಕಾಲು ಭಾಗದಷ್ಟನ್ನೇ ಒಳಬಿಡುತ್ತದೆ. ಹಾಗಾಗಿ ಅದನ್ನು ತೆಗೆಸಿಹಾಕುವ ರೂಢಿಯಿದೆ. ತಂಪಾಗಿಸಿದ ಸಿಮಾಸ್ ಕ್ಯಾಮೆರಾ ಇನ್ನೂ ಮೇಲು. ಸಂವೇದಕದ ಒಳಗದ್ದಲ, ಎಂದರೆ ಬಿಸಿಯಿಂದ ಹುಟ್ಟುವ ಹುಸಿ ಸಂಕೇತ, ಪ್ರತಿ ಆರು ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಹೆಚ್ಚುಕಡಮೆ ಇಮ್ಮಡಿಸುತ್ತದೆ. ಮಾರ್ಚಿನ ಮೈಸೂರಿನ ರಾತ್ರಿಯಲ್ಲಿ ತಂಪುಗೊಳಿಸದ ಕ್ಯಾಮೆರಾಕ್ಕೆ ಇದು ಸಣ್ಣ ಮಾತಲ್ಲ. ಯಾವ ಕ್ಯಾಮೆರಾ ಯಾವ ಲೆನ್ಸಿಗೆ ಎಂಬುದಕ್ಕೆ ಸುಲಭ ಲೆಕ್ಕವಿದೆ. ಮೈಕ್ರಾನುಗಳಲ್ಲಿ ಪಿಕ್ಸೆಲಿನ ಅಳತೆಯನ್ನು 206ರಿಂದ ಗುಣಿಸಿ ಮಿಲಿಮೀಟರುಗಳಲ್ಲಿ ನಾಭಿದೂರದಿಂದ ಭಾಗಿಸಿದರೆ ಒಂದು ಪಿಕ್ಸೆಲು ಆಕಾಶದಲ್ಲಿ ಎಷ್ಟು ಆರ್ಕ್‌ಸೆಕೆಂಡ್ ಆವರಿಸುತ್ತದೆಂದು ತಿಳಿಯುತ್ತದೆ. 3.76 ಮೈಕ್ರಾನಿನ ಪಿಕ್ಸೆಲು, 400 ಮಿಲಿಮೀಟರ್ ನಾಭಿದೂರಕ್ಕೆ ಅದು ಎರಡಕ್ಕೆ ಸ್ವಲ್ಪ ಕಡಿಮೆ. ಈ ಬಯಲಿನ ಗಾಳಿಗೆ ಅದಕ್ಕಿಂತ ಸೂಕ್ಷ್ಮಕ್ಕೆ ಹೋಗುವುದರಿಂದ ಲಾಭವಿಲ್ಲ.

ಫಿಲ್ಟರೇ ಇಲ್ಲಿಯ ನಿರ್ಣಾಯಕ ವಸ್ತು. ಕಣ್ಣಿಗೆ ಕಾಣುವ ಬೆಳಕಿನ ಹರಹು ಸುಮಾರು 300 ನ್ಯಾನೊಮೀಟರ್. 3 ನ್ಯಾನೊಮೀಟರಿನ ಪಟ್ಟಿಯನ್ನು ಮಾತ್ರ ಬಿಡುವ ಫಿಲ್ಟರು ಎಲ್ಇಡಿಯ ಎಡೆಬಿಡದ ಬೆಳಕಿನಲ್ಲಿ ನೂರರ ಒಂದು ಪಾಲನ್ನು ಉಳಿಸುತ್ತದೆ, ಆದರೆ ನೀಹಾರಿಕೆಯ ರೇಖೆಯನ್ನು ಬಹುಪಾಲು ಹಾಗೆಯೇ ಬಿಡುತ್ತದೆ. ನಗರಕ್ಕೂ ಕಾಡಿಗೂ ಇರುವ ನಲವತ್ತು ಪಟ್ಟಿನ ಅಂತರವನ್ನು ಈ ಗಾಜಿನ ಬಿಲ್ಲೆ ಮುಚ್ಚಿಬಿಡುತ್ತದೆ ಎಂದರೆ ಅತಿಶಯೋಕ್ತಿಯಲ್ಲ. ಉತ್ಸರ್ಜನ ನೀಹಾರಿಕೆಗಳ ಮಟ್ಟಿಗೆ ಮಾತ್ರ, ಅಷ್ಟೆ. ಬಣ್ಣದ ಕ್ಯಾಮೆರಾ ಇರುವವರಿಗೆ ಹೈಡ್ರೊಜನ್ ಮತ್ತು ಆಮ್ಲಜನಕ ಎರಡನ್ನೂ ಒಟ್ಟಿಗೆ ಬಿಡುವ ಜೋಡಿಪಟ್ಟಿಯ ಫಿಲ್ಟರುಗಳಿವೆ. ಕಪ್ಪು-ಬಿಳುಪು ಕ್ಯಾಮೆರಾದವರು ಒಂದೊಂದು ರೇಖೆಗೂ ಒಂದೊಂದು ಫಿಲ್ಟರು ಬದಲಿಸುತ್ತಾರೆ.

ಇಬ್ಬನಿ ತಡೆಯಲು ಲೆನ್ಸಿನ ಸುತ್ತ ಬಿಸಿ ಪಟ್ಟಿ ಕಟ್ಟದಿದ್ದರೆ ಡಿಸೆಂಬರಿನಲ್ಲಿ ರಾತ್ರಿ ಹನ್ನೊಂದಕ್ಕೇ ಕೆಲಸ ಮುಗಿದುಹೋಗಬಹುದು. ಎಲ್ಲಕ್ಕೂ 12 ವೋಲ್ಟಿನ ಬ್ಯಾಟರಿ ಬೇಕು. ಕರೆಂಟು ಹೋದರೆ ಆಕಾಶಕ್ಕೆ ಒಳ್ಳೆಯದು, ಮೌಂಟಿಗಲ್ಲ.

ಚಿತ್ರ ತೆಗೆಯುವುದು, ಕೂಡಿಸುವುದು

ಒಂದೇ ದೀರ್ಘ ಎಕ್ಸ್‌ಪೋಷರಿನ ಬದಲು ಹತ್ತಾರು ಅಥವಾ ನೂರಾರು ಬಿಡಿ ಚಿತ್ರಗಳನ್ನು ತೆಗೆದು ಸರಾಸರಿ ಮಾಡುವುದಕ್ಕೆ ಸ್ಟ್ಯಾಕಿಂಗ್ ಎನ್ನುತ್ತಾರೆ. ನೀಹಾರಿಕೆ ಪ್ರತಿ ಚಿತ್ರದಲ್ಲೂ ಅದೇ ಜಾಗದಲ್ಲಿರುತ್ತದೆ. ಗದ್ದಲ ಮಾತ್ರ ಒಂದೊಂದರಲ್ಲಿ ಒಂದೊಂದು ಬಗೆ. ಸಂಕೇತ ಮತ್ತು ಗದ್ದಲಗಳ ಅನುಪಾತ ಒಟ್ಟು ಕಾಲದ ವರ್ಗಮೂಲದಂತೆ ಏರುತ್ತದೆ. ಒಂದು ಗಂಟೆಯ ಚಿತ್ರಕ್ಕಿಂತ ಇಮ್ಮಡಿ ನಯವಾದ ಚಿತ್ರಕ್ಕೆ ನಾಲ್ಕು ಗಂಟೆ ಬೇಕು, ನಾಲ್ಮಡಿಗೆ ಹದಿನಾರು ಗಂಟೆ. ಹಿನ್ನೆಲೆ ಎಷ್ಟು ಪಟ್ಟು ಬೆಳಗಿದೆಯೋ ಸರಿಸುಮಾರು ಅಷ್ಟೇ ಪಟ್ಟು ಹೆಚ್ಚು ಕಾಲ ಬೇಕೆಂಬುದು ಮಸುಕು ಆಕಾಶದ ಕಠಿಣ ನಿಯಮ. ಆಕಾಶ ಕೆಟ್ಟಿದ್ದರೆ ಒಂದೇ ಗುರಿಯ ಮೇಲೆ ಹಲವು ರಾತ್ರಿ ಕೂರಬೇಕು. ರಾತ್ರಿಗೆ ನಾಲ್ಕು ಗುರಿ ಹಿಡಿಯುವ ಆಸೆಯೇ ಹೊಸಬರ ಚಿತ್ರಗಳು ಒರಟಾಗಲು ಮುಖ್ಯ ಕಾರಣ.

ಬಿಡಿ ಚಿತ್ರ ಎಷ್ಟು ಉದ್ದವಿರಬೇಕು ಎಂಬುದೂ ಹಿನ್ನೆಲೆಯನ್ನೇ ಅವಲಂಬಿಸಿದೆ. ಬೆಳಗಿದ ಆಕಾಶದಲ್ಲಿ ಫಿಲ್ಟರಿಲ್ಲದೆ 30 ಸೆಕೆಂಡುಗಳಲ್ಲೇ ಹಿನ್ನೆಲೆಯ ಗದ್ದಲವು ಚಿತ್ರವನ್ನು ಓದಿಕೊಳ್ಳುವಾಗ ಕ್ಯಾಮೆರಾ ಸೇರಿಸುವ ಓದುಗದ್ದಲವನ್ನು ಮುಳುಗಿಸುತ್ತದೆ, ಇನ್ನೂ ಉದ್ದ ಮಾಡಿ ಪ್ರಯೋಜನವಿಲ್ಲ. ಕಿರುಪಟ್ಟಿಯ ಫಿಲ್ಟರಿನಲ್ಲಿ ಹಿನ್ನೆಲೆ ಕಪ್ಪಾಗಿರುವುದರಿಂದ ಮೂರರಿಂದ ಐದು ನಿಮಿಷ ವಾಡಿಕೆ. ಆಗ ಮೌಂಟಿನ ತಪ್ಪನ್ನು ಇನ್ನೊಂದು ಪುಟ್ಟ ಕ್ಯಾಮೆರಾ ಗಮನಿಸಿ ತಿದ್ದುತ್ತಿರಬೇಕು.

ಆಕಾಶದ ಚಿತ್ರಗಳ ಜೊತೆಗೆ ಮುಚ್ಚಳ ಹಾಕಿ ತೆಗೆದ ಡಾರ್ಕ್ ಚಿತ್ರಗಳೂ ಸಮನಾದ ಬಿಳಿ ಬೆಳಕಿಗೆ ಹಿಡಿದು ತೆಗೆದ ಫ್ಲಾಟ್ ಚಿತ್ರಗಳೂ ಬೇಕು. ಫ್ಲಾಟ್‌ಗಳು ಅಂಚಿನ ಕಪ್ಪನ್ನೂ ಸಂವೇದಕದ ಮೇಲಿನ ದೂಳಿನ ಗುರುತುಗಳನ್ನೂ ಅಳಿಸುತ್ತವೆ. ಕತ್ತಲೆಯ ಆಕಾಶದವರು ಇದನ್ನು ಬಿಟ್ಟರೂ ಹೇಗೋ ನಡೆದೀತು. ಬೆಳಗಿದ ಹಿನ್ನೆಲೆಯಿಂದ ಕ್ಷೀಣ ನೀಹಾರಿಕೆಯನ್ನು ಹಿಗ್ಗಿಸಿ ತೆಗೆಯುವವರಿಗೆ ಒಂದು ದೂಳಿನ ಕಣವೂ ದೊಡ್ಡ ಉಂಗುರವಾಗಿ ಕಾಣುತ್ತದೆ. ಪ್ರತಿ ಕೆಲವು ಚಿತ್ರಗಳಿಗೊಮ್ಮೆ ಚೌಕಟ್ಟನ್ನು ಕೊಂಚ ಸರಿಸುವುದರಿಂದ ಸಂವೇದಕದ ಸ್ಥಿರ ಕಲೆಗಳು ಚದರುತ್ತವೆ. 2019ರಿಂದ ಹೆಚ್ಚುತ್ತಿರುವ ಸ್ಟಾರ್‌ಲಿಂಕ್ ಉಪಗ್ರಹಗಳ ಮತ್ತು ವಿಮಾನಗಳ ಗೆರೆಗಳನ್ನು ಸ್ಟ್ಯಾಕಿಂಗ್ ವೇಳೆ ಸರಾಸರಿಯಿಂದ ಹೊರಬಿದ್ದ ಪಿಕ್ಸೆಲುಗಳೆಂದು ಗುರುತಿಸಿ ತೆಗೆಯಬಹುದು.

ಉಳಿಯುವ ದೊಡ್ಡ ತೊಂದರೆ ಒಂದು ಬದಿ ಬೆಳಗಾಗಿ ಇನ್ನೊಂದು ಬದಿ ಕಪ್ಪಾಗಿ ಕಾಣುವ ಓರೆ ಹಿನ್ನೆಲೆ. ಉಚಿತವಾಗಿ ದೊರೆಯುವ ಸಿರಿಲ್, ಗ್ರಾಕ್ಸ್‌ಪರ್ಟ್ ತಂತ್ರಾಂಶಗಳು ಹಿನ್ನೆಲೆಯ ಮಾದರಿಯೊಂದನ್ನು ಕಟ್ಟಿ ಚಿತ್ರದಿಂದ ಕಳೆಯುತ್ತವೆ. ಇಲ್ಲಿ ಎಚ್ಚರ ಬೇಕು. ಚೌಕಟ್ಟನ್ನೆಲ್ಲ ತುಂಬಿಕೊಂಡ ನೀಹಾರಿಕೆಯ ತೆಳು ಅಂಚನ್ನು ತಂತ್ರಾಂಶ ಊರಿನ ಬೆಳಕೆಂದು ತಿಳಿದು ಕಳೆದುಬಿಡಬಹುದು. ನಕ್ಷತ್ರಗಳನ್ನು ಬೇರ್ಪಡಿಸುವ, ಗದ್ದಲ ಒರೆಸುವ ಕೃತಕ ಬುದ್ಧಿಮತ್ತೆಯ ಸಾಧನಗಳು ಇದರ ಮುಂದಿನ ಹಂತ. ಹಿತಮಿತವಾಗಿ ಬಳಸಿದರೆ ಅವು ಉಪಕಾರಿ. ಮಿತಿ ಮೀರಿದರೆ ಆಕಾಶದಲ್ಲಿಲ್ಲದ ಎಳೆಗಳನ್ನು ಚಿತ್ರಕ್ಕೆ ಸೇರಿಸುತ್ತವೆ. ಬಣ್ಣಗಳ ವಿಷಯದಲ್ಲಿಯೂ ಓದುಗರು ತಿಳಿದಿರಬೇಕಾದದ್ದಿದೆ. ಗಂಧಕವನ್ನು ಕೆಂಪಿಗೂ ಹೈಡ್ರೊಜನ್ನನ್ನು ಹಸಿರಿಗೂ ಆಮ್ಲಜನಕವನ್ನು ನೀಲಿಗೂ ಹಚ್ಚುವ ಪದ್ಧತಿ 1995ರಲ್ಲಿ ಹಬಲ್ ದೂರದರ್ಶಕ ತೆಗೆದ ಗರುಡ ನೀಹಾರಿಕೆಯ ಕಂಬಗಳ ಚಿತ್ರದಿಂದ ಪ್ರಸಿದ್ಧವಾಯಿತು. ಅದು ರಾಸಾಯನಿಕ ನಕ್ಷೆ, ಕಣ್ಣಿನ ನೋಟವಲ್ಲ.

ಹಿನ್ನೆಲೆ

ನೀಹಾರಿಕೆಯ ಮೊದಲ ಛಾಯಾಚಿತ್ರ ತೆಗೆದವನೂ ಹವ್ಯಾಸಿಯೇ. ಅಮೆರಿಕದ ವೈದ್ಯ ಹೆನ್ರಿ ಡ್ರೇಪರ್ 1880ರ ಸೆಪ್ಟೆಂಬರ್ 30ರಂದು ಮಹಾವ್ಯಾಧದ ನೀಹಾರಿಕೆಯನ್ನು 51 ನಿಮಿಷಗಳ ಎಕ್ಸ್‌ಪೋಷರಿನಿಂದ ಹಿಡಿದ. 1883ರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ಆಂಡ್ರ್ಯೂ ಐನ್ಸ್ಲಿ ಕಾಮನ್ ಅದೇ ನೀಹಾರಿಕೆಯಲ್ಲಿ ಕಣ್ಣಿಗೆ ಕಾಣದ ನಕ್ಷತ್ರಗಳೂ ಫಲಕದ ಮೇಲೆ ಮೂಡುತ್ತವೆಂದು ತೋರಿಸಿದ. ಅವನ 36 ಅಂಗುಲದ ದೂರದರ್ಶಕ ಇದ್ದದ್ದು ಲಂಡನ್ನಿನ ಹೊರವಲಯದ ಈಲಿಂಗ್‌ನಲ್ಲಿ. ಹಾಗೆ ನೋಡಿದರೆ ಮಸುಕು ಆಕಾಶದ ಕೆಲಸ ಈ ಶಾಖೆಯಷ್ಟೇ ಹಳೆಯದು. ಕುದುರೆತಲೆ ನೀಹಾರಿಕೆಯನ್ನು 1888ರ ಹಾರ್ವರ್ಡ್ ಫಲಕದಲ್ಲಿ ಗುರುತಿಸಿದವಳು ವಿಲಿಯಮಿನಾ ಫ್ಲೆಮಿಂಗ್.

ದಕ್ಷಿಣ ಭಾರತದ ವೃತ್ತಿಪರ ಖಗೋಳಶಾಸ್ತ್ರಕ್ಕೂ ಇದೇ ಅಕ್ಷಾಂಶದ, ಇದೇ ಮಾನ್ಸೂನಿನ ಸಮಸ್ಯೆಗಳು ಎದುರಾದವು. ಖಗೋಳಶಾಸ್ತ್ರಜ್ಞ ವೇಣು ಬಾಪು 1960ರ ದಶಕದಲ್ಲಿ ವೀಕ್ಷಣಾಲಯಕ್ಕಾಗಿ ತಮಿಳುನಾಡಿನ ಜವ್ವಾದಿ ಬೆಟ್ಟಗಳ ಕಾವಲೂರನ್ನು ಆರಿಸಿದ್ದು ಕತ್ತಲೆಯ ಜೊತೆಗೆ ದಕ್ಷಿಣದ ಆಕಾಶವೂ ದಕ್ಕಲೆಂದು. ಅಲ್ಲಿಯ 2.34 ಮೀಟರ್ ದೂರದರ್ಶಕ 1986ರಲ್ಲಿ ಅವರ ಹೆಸರು ಪಡೆಯಿತು. ಮೋಡದ ಕಾಟವಿಲ್ಲದ ನೆಲೆ ಹುಡುಕುತ್ತ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಆಮೇಲೆ ಲಡಾಖಿನ ಹಾನ್ಲೆಗೆ ಹೋಯಿತು. ಅಲ್ಲಿಯ ಎರಡು ಮೀಟರ್ ದೂರದರ್ಶಕವನ್ನು ಬೆಂಗಳೂರಿನ ಹತ್ತಿರದ ಹೊಸಕೋಟೆಯಿಂದಲೇ ನಡೆಸುತ್ತಾರೆ. ಹವ್ಯಾಸಿಗಳಿಗೆ ನೆರವಾದವುಗಳಲ್ಲಿ ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯ ಮತ್ತು ಅಲ್ಲಿಯ ಹವ್ಯಾಸಿ ಖಗೋಳ ಸಂಘಗಳು ಮುಖ್ಯ. ಮೈಸೂರಿನಲ್ಲಿದ್ದು ಕನ್ನಡದಲ್ಲಿ ಖಗೋಳವನ್ನು ಸಾಮಾನ್ಯ ಓದುಗರಿಗೆ ತಲಪಿಸಿದ ಜಿ.ಟಿ. ನಾರಾಯಣರಾವ್ ಅವರ ಬರಹಗಳು ನಕ್ಷತ್ರ ಗುರುತಿಸುವ ಕನ್ನಡಿಗರ ತಲೆಮಾರೊಂದನ್ನು ಬೆಳೆಸಿದವು.

ಹವ್ಯಾಸಿಗಳ ಈ ಕೆಲಸದಿಂದ ವಿಜ್ಞಾನಕ್ಕೂ ಲಾಭವಾಗಿದೆ. 2004ರ ಜನವರಿಯಲ್ಲಿ ಅಮೆರಿಕದ ಜೇ ಮ್ಯಾಕ್‌ನೀಲ್ ಮೂರು ಅಂಗುಲದ ದೂರದರ್ಶಕದಿಂದ ಮಹಾವ್ಯಾಧದಲ್ಲಿ ಹೊಸದಾಗಿ ಬೆಳಗಿದ ನೀಹಾರಿಕೆಯೊಂದನ್ನು ಕಂಡುಹಿಡಿದ. 2023ರ ಆರಂಭದಲ್ಲಿ ದೇವಯಾನಿ ಗೆಲಕ್ಸಿಯ ಪಕ್ಕದಲ್ಲಿ ಆಮ್ಲಜನಕದ ವಿಶಾಲ ಕಮಾನೊಂದನ್ನು ಹವ್ಯಾಸಿಗಳ ತಂಡ ಪ್ರಕಟಿಸಿತು. ಆಕಾಶದ ಅತಿ ಪರಿಚಿತ ಜಾಗದಲ್ಲಿದ್ದ ಅದು ಅಲ್ಲಿಯವರೆಗೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಕಿರುಪಟ್ಟಿಯ ಫಿಲ್ಟರು ಮತ್ತು ನೂರು ಗಂಟೆಗೂ ಮೀರಿದ ಎಕ್ಸ್‌ಪೋಷರ್ ಅದನ್ನು ಹೊರತಂದವು.

ಕತ್ತಲೆಯ ರಕ್ಷಣೆ

ಹಾನ್ಲೆಯ ಸುತ್ತಿನ ಪ್ರದೇಶ 2022ರ ಡಿಸೆಂಬರಿನಲ್ಲಿ ಕತ್ತಲೆ ಆಕಾಶದ ಸಂರಕ್ಷಿತ ಪ್ರದೇಶವೆಂದು ಅಧಿಸೂಚಿತವಾಯಿತು. ಮಹಾರಾಷ್ಟ್ರದ ಪೆಂಚ್ ಹುಲಿ ಸಂರಕ್ಷಿತ ಪ್ರದೇಶಕ್ಕೆ 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಕತ್ತಲೆ ಆಕಾಶ ಉದ್ಯಾನದ ಮನ್ನಣೆ ಸಿಕ್ಕಿತು. ಕಾಡು ಕಾಯುವ ನಿಯಮಗಳೇ ಕತ್ತಲೆಯನ್ನೂ ಕಾಯಬಲ್ಲವು ಎಂಬುದಕ್ಕೆ ಪೆಂಚ್ ನಿದರ್ಶನ. ಬಂಡೀಪುರ, ಬಿಳಿಗಿರಿರಂಗನ ಬೆಟ್ಟಗಳ ಅಂಚಿನ ಊರುಗಳಿಗೆ ಇದು ಗಮನಾರ್ಹ. ಊರೊಳಗಿನ ಪರಿಹಾರ ಇನ್ನೂ ಸರಳ. ಬೆಳಕು ನೆಲಕ್ಕೆ ಮಾತ್ರ ಬೀಳುವಂತೆ ದೀಪಕ್ಕೆ ಮೇಲಿನಿಂದ ಮರೆ ಹಾಕುವುದು, ನೀಲಿ ಹೆಚ್ಚಿರುವ ಬಿಳಿಯ ಬದಲು 3,000 ಕೆಲ್ವಿನ್‌ಗಿಂತ ಕಡಿಮೆಯ ಹಳದಿ ಛಾಯೆಯ ಎಲ್ಇಡಿ ಆರಿಸುವುದು, ನಡುರಾತ್ರಿಯ ನಂತರ ಪ್ರಖರತೆ ತಗ್ಗಿಸುವುದು. ಕರ್ನಾಟಕದ ಹಳ್ಳಿಗಳಲ್ಲಿ ಬೀದಿದೀಪದ ನಿರ್ವಹಣೆ ಗ್ರಾಮ ಪಂಚಾಯಿತಿಯದು; ಕೆಟ್ಟ ದೀಪ ಬದಲಿಸುವಾಗ ಮರೆಯಿರುವ, ಹಳದಿ ಛಾಯೆಯ ದೀಪವನ್ನೇ ಹಾಕಿಸಿ ಎಂದು ಹವ್ಯಾಸಿಗಳು ಗ್ರಾಮಸಭೆಯಲ್ಲಿ ಕೇಳಬಹುದು.